ಚುಕ್ಕಿಯ ಮೆತ್ತನೆ ತತ್ತಿ

ಮೊರದಲ್ಲಿ ಕೋಳಿಗಳ ಕಾಳು ಕೇರುತ್ತಿದ್ದ ನಾಗಕ್ಕನ ಕೈ ನಿಂತಿತು. ಮಗ ಮಾರೇಶ ಕೊಟ್ಟೂರಿನಿಂದ ತಂದಿದ್ದ ಕಂದು ಫೀಡಿನ ನಡುವೆ ಬಿಳಿಯ ಚೂರೊಂದಿತ್ತು. ಒಂದು ಅಂಚು ದುಂಡಗೆ, ಮೇಲೊಂದು ಗೆರೆ. ಸೆರಗಿಗೆ ಒರೆಸಿ ನಾಲಿಗೆಗೆ ಮುಟ್ಟಿಸಿದಳು. ಬಳಪದ ರುಚಿ.

ಬಸುರಿ ಸೊಸೆ ದುರ್ಗಾಳಿಗೆ ಆಸ್ಪತ್ರೆಯವರು ಕೊಟ್ಟ ಕ್ಯಾಲ್ಸಿಯಂ ಗುಳಿಗೆ ಅದು.

ನಾಗಕ್ಕನಿಗೆ ಒಮ್ಮೆಗೇ ಎಲ್ಲ ತಿಳಿಯಿತು. ದುರ್ಗಾ ಹಂಪಸಾಗರದ ತವರಿನಿಂದ ಕಂಕುಳಲ್ಲಿ ಇಟ್ಟುಕೊಂಡು ಬಂದ ಕೋಳಿ ಚುಕ್ಕಿ. ಈ ಹೊಸ ಫೀಡು ತಿನ್ನತೊಡಗಿದ ಮೇಲೆ ಅದು ಓಡಿಲ್ಲದ ತತ್ತಿ ಇಡುತ್ತಿತ್ತು. ಎತ್ತಿಕೊಂಡರೆ ನೀರು ತುಂಬಿದ ಚೀಲದಂತೆ ಜೋಲುತ್ತಿತ್ತು. “ಬರೋ ಐತವಾರ ಇದನ್ನ ಸಾರಿಗೆ ಹಾಕಿಬಿಡೂಣು” ಎಂದು ಮಾರೇಶ ನಕ್ಕಿದ್ದ. ದುರ್ಗಾ ನಕ್ಕಿರಲಿಲ್ಲ.

“ಅತ್ತಿ, ನೋಡ್ರಿ!” ದುರ್ಗಾ ಗೂಡಿನ ಕಡೆಯಿಂದ ಬಂದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ತತ್ತಿ. “ಚುಕ್ಕಿದು. ಗಟ್ಟಿ ಐತಿ!”

“ನಾ ತಂದ ಫೀಡಿನ ಕಿಮ್ಮತ್ತು ಈಗ ಗೊತ್ತಾತಲ್ಲ?” ಕನ್ನಡಿಯ ಮುಂದಿದ್ದ ಮಾರೇಶ ಎದೆಯುಬ್ಬಿಸಿದ.

“ಅದು ಮಾಂಸದ ಕೋಳಿದು ಫೀಡ್ ಲೇ. ಚೀಲದ ಮ್ಯಾಲಿನ ಚಿತ್ರನಾದ್ರೂ ನೋಡಿಯೇನು? ತತ್ತಿ ಇಡೂ ಕೋಳಿದು ಬ್ಯಾರೆ ಇರ್ತೈತಿ.”

“ಅಂಗಡ್ಯಾವ ಲಗೂನ ತೂಕ ಬರ್ತಾವ ಅಂದ, ಯವ್ವ.”

“ಬಂದೈತಿ ಬಿಡು, ನಿನಗೂ. ಉಳಿದ ಚೀಲ ವಾಪಸ್ ಕೊಟ್ಟು ತತ್ತಿ ಕೋಳಿದು ತಾ.”

ಅವನ ಬೈಕು ಹೊರಟಿತು.

“ಗುಳಿಗಿ ನುಂಗಾಕತ್ತೀಯೇನವ್ವ?” ನಾಗಕ್ಕ ಮೊರದಿಂದ ಕಣ್ಣೆತ್ತದೆ ಕೇಳಿದಳು.

“ಹೂಂ ರಿ ಅತ್ತಿ.” ದುರ್ಗಾ ಉತ್ತರ ಕೊಟ್ಟದ್ದು ಚುಕ್ಕಿಯ ಕಡೆ ನೋಡಿ.

ಮಾತು ನಾಗಕ್ಕನ ಬಾಯಿಗೆ ಬಂದಿತ್ತು. ಮಾರೇಶ ಹೊಟ್ಟೆಯಲ್ಲಿದ್ದಾಗ ತಾನು ಬಣವೆಯ ಹಿಂದೆ ನಿಂತು ಬಳಪ ತಿನ್ನುತ್ತಿದ್ದುದು ನೆನಪಾಯಿತು. ತನ್ನ ಅತ್ತೆ ಕೇಳಿದಾಗ ತಾನೂ ಹೀಗೆಯೇ ಬೇರೆಲ್ಲೋ ನೋಡುತ್ತ ಇಲ್ಲ ಎಂದಿದ್ದಳು. ತನ್ನ ತುಟಿಯ ಮೇಲಿನ ಬಿಳಿಯನ್ನು ಅತ್ತೆ ಇಡೀ ಓಣಿಗೆ ಹೇಳಿ ನಗಿಸಿದ್ದಳು. ಅವತ್ತಿನಿಂದ ಅತ್ತೆಯ ಹತ್ತಿರ ಏನನ್ನೂ ಹೇಳಿಕೊಳ್ಳಬೇಕು ಅನ್ನಿಸಿರಲಿಲ್ಲ. ಹೆರಿಗೆ ನೋವು ಶುರುವಾದದ್ದನ್ನೂ.

ಅವಳು ಎದ್ದು, ಒಲೆಯ ಪಕ್ಕ ಬಿದ್ದಿದ್ದ ತತ್ತಿಯ ಸಿಪ್ಪೆಗಳನ್ನು ತೊಳೆದು ಹಂಚಿನ ಮೇಲೆ ಹುರಿದಳು. ಕುಟ್ಟಾಣಿಗೆ ಹಾಕಿ ಕುಟ್ಟತೊಡಗಿದಳು.

“ಯಾರಿಗ್ರಿ ಅತ್ತಿ?”

“ಕೋಳಿಗೆ. ಹಂಗ ಹಾಕಿದ್ರ ತತ್ತಿ ಕುಕ್ಕೂದು ಕಲೀತಾವ. ಪುಡಿ ಮಾಡಿದ್ರ ಗುರ್ತು ಸಿಗೂದಿಲ್ಲ. ಚುಕ್ಕಿಗೆ ಇದ ಸಾಕು. ಬ್ಯಾರೆ ಏನೂ ಬೇಕಾಗಿಲ್ಲ.”

ದುರ್ಗಾ ಗೂಡಿನ ಕಡೆ ನೋಡಿದಳು. “ಐತವಾರ...?”

“ಐತವಾರ ಬದನಿಕಾಯಿ ಸಾರು. ನಿನ್ನ ಗಂಡಗ ನಾ ಹೇಳ್ತೀನಿ.”

ದುರ್ಗಾಳ ಮುಖ ಅರಳಿತು. ಕುಟ್ಟಾಣಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ತಾನೇ ಕುಟ್ಟಲು ಕೂತಳು.

ನಾಗಕ್ಕ ಹಿತ್ತಲಿಗೆ ಬಂದಳು. ಇನ್ನು ಮೇಲೆ ರಾತ್ರಿ ಊಟವಾದೊಡನೆ ಗುಳಿಗೆಯನ್ನೂ ನೀರಿನ ಲೋಟವನ್ನೂ ತಾನೇ ತಂದು, ಅದು ಗಂಟಲಿಗೆ ಇಳಿಯುವವರೆಗೂ ಸೊಸೆಯ ಪಕ್ಕ ಏನಾದರೂ ಹರಟುತ್ತ ಕೂರಬೇಕು. ಇಷ್ಟು ದಿನದ ಗುಳಿಗೆ ಎಲ್ಲಿ ಹೋಯಿತೆಂದು ಕೇಳಬಾರದು. ಮಗನಿಗೂ ಹೇಳಬಾರದು.

ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಬಿಳಿ ಚೂರನ್ನು ಚುಕ್ಕಿಯ ಮುಂದೆ ಹಾಕಿದಳು. ಅದು ಒಮ್ಮೆ ಓರೆಯಾಗಿ ನೋಡಿ, ನುಂಗಿತು.