ಲೈಬ್ರರಿ ವ್ಯಾನಿಗೆ ನೊರಜು ಪರದೆ

ಇಷ್ಬೆಲ್ ಇಪ್ಪತ್ತೆರಡು ವರ್ಷ ಓಡಿಸಿದ ಲೈಬ್ರರಿ ವ್ಯಾನು ಹರಾಜಿಗೆ ಬಂದ ದಿನ ಅದನ್ನು ಕೂಗಿದವರು ಇಬ್ಬರೇ. ಒಬ್ಬ ಗುಜರಿಯವನು, ಇನ್ನೊಬ್ಬಳು ಅವಳು. ಗುಜರಿಯವನು ಅವಳ ಮುಖ ನೋಡಿ, "ತಗೊಳ್ಳಮ್ಮ, ನಿಂಗೇ ಇರ್ಲಿ" ಎಂದು ಸುಮ್ಮನಾದ.

ಚಳಿಗಾಲವಿಡೀ ಅವಳು ಆ ವ್ಯಾನಿನೊಳಗೇ ಕಳೆದಳು. ಕಪಾಟುಗಳನ್ನು ಕಿತ್ತಳು. ಮಕ್ಕಳ ಪುಸ್ತಕಗಳಿದ್ದ ಮೂಲೆಗೆ ಮಂಚ ಬಂತು, ಮುದ್ರೆ ಒತ್ತುತ್ತಿದ್ದ ಮೇಜಿನ ಮೇಲೆ ಒಲೆ ಕೂತಿತು. ಕಿಟಕಿಯ ಕೆಳಗಿನ ಒಂದು ಸಾಲು ಕಪಾಟನ್ನು ಮಾತ್ರ ಮುಟ್ಟಲು ಕೈ ಬರಲಿಲ್ಲ. ಪಕ್ಕದ ಅಗಲ ಬಾಗಿಲು, ಅದರ ಎರಡು ಮೆಟ್ಟಿಲು, ಹತ್ತುವವರು ಹಿಡಿದು ಹಿಡಿದು ಬಣ್ಣ ಹೋಗಿದ್ದ ಕಬ್ಬಿಣದ ಹಿಡಿಕಂಬಿ ಇವನ್ನೂ ಹಾಗೆಯೇ ಬಿಟ್ಟಳು. ಜೂನ್ ಬಂದೊಡನೆ ನಾಡಿನ ಉತ್ತರದ ತುದಿಯವರೆಗೆ ಒಬ್ಬಳೇ ಹೋಗಿಬರುವುದೆಂದು ಹೊರಟಳು.

ಮೊದಲ ಸಂಜೆ ಟಾರಿಡನ್ ಕೊಲ್ಲಿಯ ದಡದಲ್ಲಿ ನಿಂತಳು. ಸೋನೆ ಹನಿಯುತ್ತಿತ್ತು, ಗಾಳಿ ಬಿದ್ದುಹೋಗಿತ್ತು. ಅಂಗಡಿಯಿಂದ ತಂದ ಸೊಳ್ಳೆಪರದೆಯನ್ನು ಬಾಗಿಲಿಗೆ ಅಂಟಿಸಿ, ಟೀ ಬಗ್ಗಿಸಿಕೊಂಡು ಕೂತಳು. ಎರಡು ಗುಟುಕು ಕುಡಿಯುವಷ್ಟರಲ್ಲಿ ನೊರಜು ಮುತ್ತಿದವು. ಸಾಸಿವೆಯ ಕಾಲುಭಾಗವೂ ಇಲ್ಲದ ಆ ಪ್ರಾಣಿಗಳು ಪರದೆಯ ಕಣ್ಣುಗಳಲ್ಲಿ ಯಾವ ಅಡೆತಡೆಯೂ ಇಲ್ಲದೆ ನುಗ್ಗಿ ಕೂದಲೊಳಗೆ, ಕಿವಿಯೊಳಗೆ, ರೆಪ್ಪೆಯ ಅಂಚಿಗೆ ಇಳಿದವು. ಬಾಗಿಲು ಜಡಿದು, ಸೆಕೆಯಲ್ಲಿ ಬೇಯುತ್ತಾ ಮಲಗಿದಳು. ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖ ತನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಆಗ ನೆನಪಾದವನು ಅದೇ ಕೊಲ್ಲಿಯ ದಡದ ಫಿನ್ಲೆ. ಹಿಂದೆ ಮೀನುದೋಣಿಯಲ್ಲಿದ್ದವನು, ಬೆನ್ನು ನೋವು ಬಂದ ಮೇಲೆ ದೋಣಿಗಳ ಹೊದಿಕೆ ಹೊಲಿಯುತ್ತಾ ಮನೆಯಲ್ಲೇ ಇದ್ದ. ವಾರ ಬಿಟ್ಟು ವಾರ, ಗುರುವಾರ ಹನ್ನೊಂದೂವರೆಗೆ, ಅವನ ಮನೆಯ ರಸ್ತೆತಿರುವಿನಲ್ಲಿ ವ್ಯಾನು ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷ ಅವನು ಹೇಳಿದ್ದು ಒಂದೇ ಮಾತು: "ನಮ್ಮಮ್ಮನಿಗೆ ಎರಡು ಕೊಡಿ." ಅಮ್ಮನಿಗೆ ಬೇಕಿದ್ದದ್ದು ಆಸ್ಪತ್ರೆಯ ಪ್ರೇಮಕಥೆಗಳು. ನರ್ಸು ಇರಬೇಕು, ಸಿಡುಕು ಡಾಕ್ಟರು ಇರಬೇಕು, ಕೊನೆಗೆ ಮದುವೆಯಾಗಬೇಕು.

ಅವನ ಬಾಗಿಲು ತಟ್ಟಲು ಇಷ್ಬೆಲಳಿಗೆ ಸಂಕೋಚವಾಯಿತು. ಕೌನ್ಸಿಲ್‌ನವರು ವ್ಯಾನಿನ ಓಡಾಟ ನಿಲ್ಲಿಸಿ ಎರಡು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅವಳು ಈ ಕಡೆ ತಲೆ ಹಾಕಿರಲಿಲ್ಲ.

ಫಿನ್ಲೆ ಬಾಗಿಲು ತೆಗೆದು ಅವಳನ್ನೂ, ಅವಳ ಹಿಂದಿದ್ದ ವ್ಯಾನನ್ನೂ ನೋಡಿದ.

"ಸ್ವಲ್ಪ ತಡ ಆಯ್ತು," ಎಂದ. "ಮುಖಕ್ಕೇನು ಮಾಡ್ಕೊಂಡ್ರಿ?"

"ನಿಮ್ಮೂರಿನ ನೊರಜು ಮರ್ಯಾದೆ ಮಾಡಿದ್ವು."

ಅವನು ವ್ಯಾನಿನ ಹತ್ತಿರ ಹೋಗಿ ಸೊಳ್ಳೆಪರದೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. "ಇದನ್ನ ಕಟ್ಕೊಂಡು ಕೂತಿದ್ರಾ? ಇದ್ರಲ್ಲಿ ನೊರಜು ಹೆಂಡ್ತಿ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಬರುತ್ತೆ."

"ಅದಕ್ಕೇ ನಿಮ್ಮ ಹತ್ರ ಬಂದೆ."

ಫಿನ್ಲೆ ಒಳಗಿಂದ ಕಪ್ಪು ಜಾಲರಿಯ ಸುರುಳಿ ತಂದ. ಮೀನು ಸಾಕುವವರಿಗೆ ನೊರಜು ತಡೆಯುವ ಮುಖಗವಸು ಹೊಲಿಯಲು ತರಿಸಿದ್ದ ಬಟ್ಟೆ; ಅದರ ಕಣ್ಣುಗಳು ಎಷ್ಟು ಸಣ್ಣವೆಂದರೆ ಹೊಗೆಯನ್ನೇ ನೇಯ್ದಂತಿತ್ತು. ಟೇಪು ಹಿಡಿದು ಬಾಗಿಲನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದ. ಮೂರೂ ಬೇರೆ ಬೇರೆ ಬಂದವು.

"ಸೊಟ್ಟಗಿದೆ."

"ಇಪ್ಪತ್ತೆರಡು ವರ್ಷ ಈ ರಸ್ತೇಲಿ ಓಡಾಡಿದ್ರೆ ನೀವೂ ಸೊಟ್ಟ ಆಗ್ತಿದ್ರಿ."

ಸುತ್ತಲೂ ವೆಲ್ಕ್ರೋ ಪಟ್ಟಿ, ನಡುವೆ ಸೀಳು, ಸೀಳಿನ ಎರಡು ಅಂಚೂ ಒಂದರ ಮೇಲೊಂದು ಗೇಣುದ್ದ ಬರುವಂತೆ, ಕೆಳಗೆ ಮಡಿಕೆಯೊಳಗೆ ಭಾರಕ್ಕೆಂದು ಬಲೆಗೆ ಪೋಣಿಸುವ ಸೀಸದ ಗುಂಡು. ಹೀಗೆಂದು ಅವನು ಲೆಕ್ಕ ಹಾಕಿದ. ತೊಡಕಾದದ್ದು ಹಿಡಿಕಂಬಿ. ಅದರ ಒಂದು ಕಾಲು ಚೌಕಟ್ಟಿನ ಒಳಗೇ ಕೂತಿತ್ತು. ಅಲ್ಲಿ ಪಟ್ಟಿ ಅಂಟುತ್ತಿರಲಿಲ್ಲ, ಹೆಬ್ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು.

"ಇದನ್ನ ಬಿಚ್ಚಿಬಿಡೋಣ. ನಾಲ್ಕು ಸ್ಕ್ರೂ ಅಷ್ಟೇ," ಎಂದು ಫಿನ್ಲೆ ಸ್ಕ್ರೂಡ್ರೈವರ್ ತೆಗೆದ.

"ಬೇಡ."

ಅವನು ತಿರುಗಿ ನೋಡಿದ. ಇಷ್ಬೆಲ್ ಹಿಡಿಕಂಬಿಯ ಮೇಲೆ ಕೈಯಿಟ್ಟು ನಿಂತಿದ್ದಳು. ಸೊಂಟ ಮುರಿದ ಮೇಲೂ ಬರುವುದು ಬಿಡದ ಬೇಹಾಗ್ ಟೀಚರು ಇದನ್ನು ಹಿಡಿದು ಮೆಟ್ಟಿಲಿಗೊಂದು ನಿಟ್ಟುಸಿರಿನಂತೆ ಹತ್ತುತ್ತಿದ್ದರು. ಕುರಿ ಕಾಯುವ ಆಂಗಸ್ ತನ್ನ ನಾಯಿಯನ್ನು ಇದಕ್ಕೇ ಕಟ್ಟಿ ಒಳಬರುತ್ತಿದ್ದ. ಅವನು ಪುಸ್ತಕ ಆರಿಸುವವರೆಗೂ ಬಾಲದ ಬಡಿತ ತಗಡಿನ ಮೇಲೆ ಕೇಳುತ್ತಿತ್ತು. ಇಬ್ಬರೂ ಈಗಿಲ್ಲ.

ಫಿನ್ಲೆ ಕಾರಣ ಕೇಳಲಿಲ್ಲ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು, "ಹಾಗಾದ್ರೆ ಇದಕ್ಕೊಂದು ತೋಳು ಹೊಲೀಬೇಕು, ಅಂಗಿಗೆ ಹೊಲಿಯೋ ಹಾಗೆ," ಎಂದ.

ಮಧ್ಯಾಹ್ನ ಮಳೆ ಬಂತು. ಫಿನ್ಲೆಯ ಅಡುಗೆಮನೆಯಲ್ಲಿ ಓಟ್ಸ್ ರೊಟ್ಟಿ, ಹೊಗೆ ಹಾಕಿದ ಮೀನು ತಿಂದರು. ಆಮೇಲೆ ಅವನು ಹೊಲಿಗೆ ಯಂತ್ರದ ಮುಂದೆ ಕೂತ. ಜಾಲರಿ ಜಾರದಂತೆ ಇಷ್ಬೆಲ್ ಎದುರಿನಿಂದ ಹಿಡಿದುಕೊಂಡಳು. ಒಲೆಯ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ, ಅದರ ತೋಳಿನ ಮೇಲೆ ಎರಡು ಪುಸ್ತಕ. ಅವುಗಳ ಬೆನ್ನಿನ ಮೇಲಿದ್ದ ಲೈಬ್ರರಿ ಚೀಟಿ ದೂರದಿಂದಲೇ ಅವಳಿಗೆ ಕಂಡಿತು. ಅವನು ಅವಳ ನೋಟವನ್ನು ಗಮನಿಸಿದ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ, ಯಂತ್ರದ ಕಡೆ ನೋಡುತ್ತಾ ಹೇಳಿದ:

"ನಮ್ಮಮ್ಮ ತೀರಿಕೊಂಡು ತುಂಬಾ ವರ್ಷ ಆಯ್ತು. ನಿಮಗೆ ಹೇಳಿರ್ಲಿಲ್ಲ."

"ಗೊತ್ತಿತ್ತು."

"ಯಾವಾಗಿಂದ?"

"ಆ ವಾರದಿಂದ. ಪೋಸ್ಟಾಫೀಸಲ್ಲಿ ಹೇಳಿದ್ರು."

ಯಂತ್ರ ನಿಂತಿತು. "ಹದಿನಾರು ವರ್ಷ ಅಮ್ಮನಿಗೆ ಅಂತ ನರ್ಸುಗಳ ಕಥೆ ಕೊಟ್ರಲ್ಲ."

"ನೀವು ಕೇಳಿದ್ರಿ, ನಾನು ಕೊಟ್ಟೆ. ನಮ್ಮಲ್ಲಿದ್ದದ್ದು ಮುಗಿದ ಮೇಲೆ ಇನ್ವರ್ನೆಸ್‌ನಿಂದ ತರಿಸ್ತಿದ್ದೆ. ಓದಿದ್ದೇ ಮತ್ತೆ ಬರಬಾರದು ಅಂತ ಪಟ್ಟಿ ಬೇರೆ ಇಟ್ಟಿದ್ದೆ."

ಫಿನ್ಲೆ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟು, ಆಮೇಲೆ ನಕ್ಕ. ಬೆನ್ನು ಹಿಡಿದುಕೊಂಡು ನಕ್ಕ. ಇಷ್ಬೆಲ್ ಅವನು ನಗುವುದನ್ನು ನೋಡಿದ್ದು ಅದೇ ಮೊದಲು.

"ಅಮ್ಮನಿಗೆ ಕಣ್ಣು ಹೋಗಿತ್ತು," ಎಂದ. "ನಾನೇ ಓದಿ ಹೇಳ್ತಿದ್ದೆ. ಸತ್ತಾಗ ಒಂದು ಕಥೆ ಅರ್ಧದಲ್ಲಿತ್ತು. ಆ ಹುಡುಗಿ ಏನಾದ್ಲು ಅಂತ ನೋಡೋಣ ಅಂತ ಮುಗಿಸ್ದೆ. ಆಮೇಲೆ ಬಿಡೋಕಾಗ್ಲಿಲ್ಲ. ಈಗ್ಲೂ ಗಟ್ಟಿಯಾಗೇ ಓದ್ತೀನಿ. ಓದೋ ದನಿ ಇಲ್ದಿದ್ರೆ ಈ ಮನೆ ತೀರಾ ದೊಡ್ಡದು ಅನ್ಸುತ್ತೆ."

ಯಂತ್ರ ಮತ್ತೆ ಓಡಿತು. ಬಟ್ಟೆ ತಿರುಗಿಸುತ್ತಾ ಅವನೇ ಅಂದ:

"ವ್ಯಾನು ಬರದೇ ಹೋದ ಆ ಗುರುವಾರ ನೀನು ಬರ್ತೀಯ ಅಂತ ಎರಡು ಗಂಟೆವರೆಗೂ ತಿರುವಿನಲ್ಲಿ ನಿಂತಿದ್ದೆ. ಮುಂದಿನ ಸಲಾನೂ ನಿಂತೆ."

ಇಷ್ಟು ವರ್ಷ 'ನೀವು' ಎಂದವನ ಬಾಯಲ್ಲಿ ಬಂದ ಆ 'ನೀನು' ಇಷ್ಬೆಲಳಿಗೆ ತಟ್ಟಿತು. ಜಾಲರಿ ಹಿಡಿದ ಕೈ ಸಡಿಲವಾಯಿತು.

"ಆ ವಾರ ಮಂಗಳವಾರ ಕೌನ್ಸಿಲ್‌ನವರು ಪತ್ರ ಕೊಟ್ರು," ಎಂದಳು. "ಅವತ್ತೇ ಬೀಗದ ಕೈ ಇಸ್ಕೊಂಡ್ರು. ನನ್ನ ಕಾರಲ್ಲಾದ್ರೂ ಬಂದು ಎಲ್ಲರಿಗೂ ಹೇಳಿ ಹೋಗಬಹುದಿತ್ತು. ಬರೀ ಕೈಯಲ್ಲಿ ಬಂದು ಏನಂತ ಹೇಳ್ಲಿ? ನಾಚಿಕೆ ಆಯ್ತು ಫಿನ್ಲೆ. ಮನೇಲೇ ಕೂತೆ."

"ಬರೀ ಕೈಯಲ್ಲೇ ಬರಬೇಕಿತ್ತು," ಎಂದ ಅವನು. ಬಿರುಸಾಗಿ ಹೇಳಲಿಲ್ಲ. "ಹಿಡ್ಕೋ ಸರಿಯಾಗಿ, ಹೊಲಿಗೆ ಓರೆಯಾಗ್ತಿದೆ."

ಸಂಜೆ ಆರರ ಹೊತ್ತಿಗೆ ಪರದೆ ಕೂತಿತು. ಮೇಲಂಚನ್ನು ಇಷ್ಬೆಲ್ ಒತ್ತಿದಳು, ಬದಿಗಳನ್ನು ಫಿನ್ಲೆ ಒತ್ತುತ್ತಾ ಬಂದ. ಹಿಡಿಕಂಬಿಯ ಕಾಲಿಗೆ ಪುಟ್ಟ ತೋಳು ತೊಡಿಸಿ ದಾರ ಎಳೆದು ಗಂಟು ಹಾಕಿದ. ಮಳೆ ನಿಂತು ಗಾಳಿಯೂ ನಿಂತಿತ್ತು. ಇಬ್ಬರೂ ಒಳಗೆ ಕೂತು ಕಾದರು. ಸ್ವಲ್ಪ ಹೊತ್ತಿಗೆ ನೊರಜು ಬಂದವು. ಜಾಲರಿಯ ಹೊರಮೈ ಮಸಿ ಬಳಿದಂತಾಯಿತು. ಒಳಗೆ ಒಂದೂ ಇಲ್ಲ. ಕೊಲ್ಲಿಯ ತಣ್ಣನೆ ವಾಸನೆ ಮಾತ್ರ ಬಂತು.

"ಈಗ ಹೊರಗೆ ಹೋಗೋಕಾಗಲ್ಲ," ಎಂದಳು ಇಷ್ಬೆಲ್. "ಸಿಕ್ಕಾಕ್ಕೊಂಡೆ ನೀನು. ಆ ಪುಸ್ತಕ ತಂದಿದ್ರೆ ಓದಬಹುದಿತ್ತು."

ಫಿನ್ಲೆ ಕೋಟಿನ ಒಳಜೇಬಿಂದ ಪುಸ್ತಕ ತೆಗೆದ. ಕಿವಿ ಕೆಂಪಾಗಿತ್ತು. ಅವನ ದನಿ ಒರಟು, ಆದರೆ ಸಿಡುಕು ಡಾಕ್ಟರಿಗೊಂದು, ನರ್ಸಿಗೊಂದು ಎಂದು ಬೇರೆ ಬೇರೆ ಮಾಡುತ್ತಿದ್ದ. ಅವಳು ಕಾಲು ಚಾಚಿಕೊಂಡು ಕೇಳಿದಳು. ಇಷ್ಟು ವರ್ಷ ಪುಸ್ತಕ ಹೊತ್ತು ತಿರುಗಿದವಳಿಗೆ ಯಾರೂ ಒಂದು ಪುಟ ಓದಿ ಹೇಳಿರಲಿಲ್ಲ.

ಎರಡು ದಿನ ಅಲ್ಲೇ ಉಳಿದು ಅವಳು ಉತ್ತರಕ್ಕೆ ಹೋದಳು. ಡರ್ನೆಸ್‌ನಿಂದ ಕಾರ್ಡು ಹಾಕಿದಳು: "ಇಲ್ಲಿ ಗಾಳಿಯೋ ಗಾಳಿ. ಒಂದು ನೊರಜೂ ಇಲ್ಲ. ನಿನ್ನ ಕೆಲಸವೆಲ್ಲ ದಂಡ."

ಸೆಪ್ಟೆಂಬರಿನಲ್ಲಿ ಮತ್ತೆ ಹೊರಟಾಗ ಪಕ್ಕದ ಸೀಟಿನಲ್ಲಿ ಫಿನ್ಲೆ ಇದ್ದ. ಬೆನ್ನಿಗೆ ದಿಂಬು, ತೊಡೆಯ ಮೇಲೆ ಐದು ಪುಸ್ತಕ. ಊರೂರಿನಲ್ಲಿ ನಿಲ್ಲಿಸಿ ಹಳೆಯ ಓದುಗರಲ್ಲಿ ಇದ್ದವರನ್ನೆಲ್ಲ ಕಂಡು ಮಾತಾಡಿಸಿ ಬಂದರು. ಇಷ್ಬೆಲ್ ಎಲ್ಲ ಮನೆಗೂ ಬರೀ ಕೈಯಲ್ಲೇ ಹೋದಳು. ಎಲ್ಲಿಯೂ ಟೀ ಕುಡಿಯದೆ ಬರಲು ಯಾರೂ ಬಿಡಲಿಲ್ಲ.