ಧೂಳು ಚೆನ್ನಾಗಿದೆ

ಕಲ್ಲುಪುಡಿ ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಇಂಗ್ಲಿಷಿನಲ್ಲಿ ಬಂದ ಕಾಗದಗಳನ್ನು ಕೆಲಸಗಾರರಿಗೆ ತಿಳಿಯುವಂತೆ ನಮ್ಮ ಭಾಷೆಯಲ್ಲಿ ಬರೆದು ನೋಟೀಸ್ ಬೋರ್ಡಿಗೆ ಅಂಟಿಸುವುದೂ ನನ್ನ ತಲೆಗೇ ಕಟ್ಟಿದ ಕೆಲಸ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಹತ್ತಿರ ಆ ಒಕ್ಕಾಲು ಮಾತ್ರ ಇತ್ತು, ಜಂಬ ಬೇಕಾದಷ್ಟಿತ್ತು.

ಎರಡು ವರ್ಷದ ಹಿಂದೆ ತಪಾಸಣೆಯ ವರದಿ ಬಂತು. ಧೂಳು ಎಂಬುದರ ಎದುರು ಒಂದೇ ಪದ: ಫೈನ್. ಊಟದ ಹೊತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ‘ಧೂಳು: ಚೆನ್ನಾಗಿದೆ’ ಎಂದು ಬರೆದು ಅಂಟಿಸಿದೆ.

ಅರೆಯುವ ಯಂತ್ರದ ಮುಂದೆ ನಿಲ್ಲುವವನು ನನ್ನ ಅಣ್ಣ. ಮಾಸ್ಕಿನೊಳಗೆ ಸೆಕೆಗೆ ಬೆಂದುಹೋಗುತ್ತಿದ್ದ. ಬೋರ್ಡು ಓದಿ ಮೊದಲು ಬಿಚ್ಚಿದವನು ಅವನೇ.

"ನಮ್ ಪಂಡಿತೆ ಬರ್ದಿದಾಳೆ ಕಣ್ರೋ, ಧೂಳು ಚೆನ್ನಾಗಿದ್ಯಂತೆ! ಬಿಚ್ಚಿ ಹಾಕ್ರೋ!"

ಸಂಜೆಯೊಳಗೆ ಹದಿನಾಲ್ಕು ಮಾಸ್ಕುಗಳು ಮೊಳೆಗೆ ನೇತುಬಿದ್ದವು. ಮೇಸ್ತ್ರಿ ಬೇಡವೆನ್ನಲಿಲ್ಲ, ಹೊಸದು ತರಿಸುವ ಗೋಜು ತಪ್ಪಿತಲ್ಲ.

ಈಗ ಅಣ್ಣ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾನೆ. ನಿನ್ನೆ ಡಾಕ್ಟರು ಅವನ ಎಕ್ಸ್‌ರೇ ಬೆಳಕಿಗೆ ಹಿಡಿದು, "ಫೈನ್ ಡಸ್ಟ್ ಇದು. ದಪ್ಪ ಧೂಳಾದ್ರೆ ಮೂಗಲ್ಲೇ ನಿಲ್ಲುತ್ತೆ. ಕಣ್ಣಿಗೆ ಕಾಣದಷ್ಟು ನುಣ್ಣಗಿರೋದು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತೆ. ವಾಸಿಯಾಗೋದಲ್ಲಮ್ಮ" ಎಂದರು.

ಆ ವರದಿಯಲ್ಲಿದ್ದದ್ದೂ ಇದೇ ಪದ. ಇವತ್ತು ಬೆಳಿಗ್ಗೆ ಆಫೀಸಿನ ದಪ್ಪ ನಿಘಂಟು ತೆಗೆದೆ. ಇಷ್ಟು ದಿನವೂ ಅದು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಫೈನ್ ಹುಟ್ಟಿದ್ದು ‘ಕೊನೆ’ ಎನ್ನುವ ಹಳೆಯ ಲ್ಯಾಟಿನ್ ಪದದಿಂದಂತೆ. ಕೊನೆಮುಟ್ಟಿಸಿದ ಕೆಲಸ ಅಚ್ಚುಕಟ್ಟು, ಹಾಗಾಗಿ ಚೆನ್ನ. ನಾಜೂಕು, ಹಾಗಾಗಿ ನುಣುಪು. ಜಗಳ ಕೊನೆಗಾಣಿಸಲು ತೆರುವ ದಂಡವೂ ಅದೇ. ಇಷ್ಟರಲ್ಲಿ ನಾನು ಆರಿಸಿಕೊಂಡದ್ದು ಒಂದನ್ನು, ಅದೂ ತಪ್ಪಾದದ್ದನ್ನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮನೆಗೆ ಓಡಿದೆ. ಅಣ್ಣ ಎರಡು ದಿಂಬಿಗೆ ಒರಗಿ ಕೂತಿದ್ದ. ಎಲ್ಲವನ್ನೂ ಹೇಳಿದೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಅವನು ಬಯ್ಯಲಿಲ್ಲ.

"ಬೇರೆಯವ್ರಿಗೆ ಬಿಚ್ಚಿ ಅಂದಿದ್ದು ನಾನಲ್ವಾ" ಎಂದ, ಉಸಿರು ಕೂಡಿಸಿಕೊಂಡು.

"ಅವ್ರು ಈಗ್ಲೂ ಹಾಕ್ಕೊಳ್ತಿಲ್ಲ ಅಣ್ಣ. ಹೋಗಿ ಸರಿಯಾಗಿ ಬರ್ದು ಅಂಟಿಸ್ತೀನಿ."

ಬೇಡವೆಂದು ತಲೆಯಾಡಿಸಿದ. ದಿಂಬಿನ ಕೆಳಗಿಂದ ಎಕ್ಸ್‌ರೇ ಎಳೆದು ನನ್ನ ಕೈಗಿಟ್ಟ.

"ಇದನ್ನ ಅಂಟ್ಸು. ನೀನು ಏನೂ ಬರೀಬೇಡ."