ಟೋಪಿಯೊಳಗಿನ ಹದಿನೆಂಟು ಅಂಕಿ

ಟೈಲರಮ್ಮನ ಮನೆಯಲ್ಲಿ ದಪ್ಪ ಕಾಗದ ಉಳಿದ ಇತಿಹಾಸವೇ ಇಲ್ಲ. ಚಪ್ಪಲಿ ಡಬ್ಬ ಮನೆಯೊಳಗೆ ಬಂದರೆ ಸಂಜೆಯೊಳಗೆ ಅದು ಯಾರದೋ ತೋಳಾಗಿರುತ್ತಿತ್ತು, ಹಳೆಯ ಕ್ಯಾಲೆಂಡರು ಯಾರದೋ ಬೆನ್ನಾಗಿರುತ್ತಿತ್ತು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅದೇ ಅಳತೆಗೆ ಕಾಗದ ಕತ್ತರಿಸಿ, ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ಅವಳ ಪದ್ಧತಿ. ಮೂವತ್ತು ವರ್ಷದಲ್ಲಿ ಅಂಥ ಒಂದು ಪೇಪರ್ ಕಟಿಂಗನ್ನೂ ಎಸೆದವಳಲ್ಲ. ಬೀರುವಿನ ಬಾಗಿಲ ಮೊಳೆಗೆ ಎಲ್ಲವೂ ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು. ‘ಗಿರಾಕಿಗಳು ಬರ್ತಾರೆ, ಹೋಗ್ತಾರೆ. ಅವರ ಕತ್ತು ಮಾತ್ರ ನನ್ನ ಕೈಲೇ ಇರುತ್ತೆ’ ಎಂದು ತಾನೇ ಹೇಳಿ ತಾನೇ ನಗುವ ಹೆಂಗಸು.

ಆ ಶನಿವಾರ ಬೆಳಗ್ಗೆ ನಗು ಎಲ್ಲಿಂದ ಬರಬೇಕು? ಮಗಳ ಕಂಪ್ಯೂಟರು ಎದ್ದಿರಲಿಲ್ಲ.

ಗುಂಡಿ ಒತ್ತಿದರೆ ಒಳಗೆ ಫ್ಯಾನು ಗುರ್ ಎನ್ನುತ್ತಿತ್ತು, ಪರದೆ ಕಪ್ಪಾಗುತ್ತಿತ್ತು, ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು ಬರುತ್ತಿತ್ತು. ಶುರು ಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂಬುದು ಅದರ ಅರ್ಥ. ಮಗಳು ಹನ್ನೊಂದು ಸಲ ಆರಿಸಿ ಹನ್ನೊಂದು ಸಲ ಹಾಕಿದ್ದಳು. ಹನ್ನೆರಡನೇ ಸಲಕ್ಕೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಸುಮ್ಮನೆ ಕುಳಿತುಬಿಟ್ಟಳು.

ಅದರೊಳಗೆ ಅರವತ್ತನಾಲ್ಕು ಚಿತ್ರಗಳಿದ್ದವು. ಸಮುದ್ರ ನೋಡಬೇಕೆಂದು ಹೊರಟ ಮುದಿ ಕತ್ತೆಯೊಂದರ ಕಥೆ, ಮಕ್ಕಳ ಪುಸ್ತಕ. ಎರಡು ವರ್ಷದಿಂದ ಮಗಳು ಅದನ್ನು ಗಾಜಿನ ಹಲಗೆಯ ಮೇಲೆ ಪ್ಲಾಸ್ಟಿಕ್ ಪೆನ್ನಿನಲ್ಲಿ ಬರೆಯುತ್ತಿದ್ದಳು, ಬರೆದದ್ದೆಲ್ಲ ನೇರ ಆ ಪೆಟ್ಟಿಗೆಯ ಹೊಟ್ಟೆಗೆ. ‘ಕಾಗದದ ಮೇಲೆ ಬರೀಬಾರ್ದೇನೇ?’ ಎಂದು ಟೈಲರಮ್ಮ ಒಮ್ಮೆ ಕೇಳಿದ್ದಳು. ‘ನಿನ್ನ ಮನೇಲಾ? ನೀನು ಕತ್ತರಿಸಿಬಿಡ್ತೀಯ’ ಎಂದಿದ್ದಳು ಮಗಳು. ಆವತ್ತು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಬೇರೆ ಕಡೆ ಇಟ್ಟ ಪ್ರತಿಯಲ್ಲಿ, ಕತ್ತೆ ಇನ್ನೂ ಕಾಣಿಸಿಕೊಳ್ಳದ, ಬರೀ ಊರುಕೇರಿಯ ಮೊದಲ ಒಂಬತ್ತು ಚಿತ್ರಗಳಷ್ಟೇ ಇದ್ದವು. ಉಳಿದದ್ದನ್ನು ನಾಳೆ ಮಾಡುತ್ತೇನೆ ಎನ್ನುತ್ತಲೇ ಎರಡು ವರ್ಷ ಕಳೆದಿತ್ತು.

ಪ್ರಕಾಶಕರು ಆಗಲೇ ಎರಡು ಸಲ ವಾಯಿದೆ ಕೊಟ್ಟಿದ್ದರು. ಸೋಮವಾರ ಬೆಳಗ್ಗೆ ಚಿತ್ರಗಳು ಕೈಸೇರದಿದ್ದರೆ ಪುಸ್ತಕ ಬೇರೆಯವರ ಪಾಲು ಎಂದು ಕೊನೆಯ ಸಲ ಹೇಳಿಯೂ ಆಗಿತ್ತು.

ಒಂಬತ್ತೂವರೆಗೆ ಸ್ಕ್ರೂ ಬಂದ. ಮೂಲೆಯಂಗಡಿಯಲ್ಲಿ ಕಂಪ್ಯೂಟರು ರಿಪೇರಿ ಮಾಡುವವನು. ಕೆಲಸ ಮಾಡುವಾಗ ತುಟಿಯಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡಿರುವುದರಿಂದ ಬೀದಿಗೆಲ್ಲ ಅವನ ಹೆಸರು ಅದೇ ಆಗಿತ್ತು. ಮೂರು ವರ್ಷದ ಹಿಂದೆ ಈ ಕಂಪ್ಯೂಟರನ್ನು ಜೋಡಿಸಿಕೊಟ್ಟವನೂ ಅವನೇ.

‘ಅಳಬೇಡಮ್ಮ, ಡಿಸ್ಕ್ ಕಾಣ್ತಿಲ್ಲ ಅಂದ್ರೆ ಡಿಸ್ಕ್ ಸತ್ತಿದೆ ಅಂತಲ್ಲ,’ ಎಂದು ಪಕ್ಕದ ಮುಚ್ಚಳ ತೆಗೆದ. ಒಳಗೆ ಬೆರಳು ದಪ್ಪ ಧೂಳು, ಧೂಳಿನ ಜೊತೆ ಬಣ್ಣಬಣ್ಣದ ದಾರದ ಚೂರು. ‘ಅಕ್ಕ, ಇದರಲ್ಲಿ ಒಂದು ಕರ್ಚೀಫ್ ಹೊಲೀಬಹುದು ನೀವು.’

ಟೈಲರಮ್ಮ ನಗಲಿಲ್ಲ. ತನ್ನ ಮಿಷನ್ನಿನ ದಾರ ಅಲ್ಲಿಗೆ ಹೇಗೆ ಹೋಯಿತೆಂದು ಅವಳಿಗೆ ಜೀವ ಹಿಡಿಯಷ್ಟಾಯಿತು.

ಸ್ಕ್ರೂ ಧೂಳು ಊದಿದ, ವೈರುಗಳನ್ನು ಕಿತ್ತು ಮತ್ತೆ ಕೂರಿಸಿದ, ಒಳಗಿದ್ದ ಬಿಲ್ಲೆಯಂಥ ಬ್ಯಾಟರಿ ಮುಗಿದಿದೆ ಎಂದು ಹೊಸದು ಹಾಕಿದ. ನೀಲಿ ಪರದೆಯಲ್ಲಿ ಅದೇನೇನೋ ಪಟ್ಟಿಗಳನ್ನು ಸರಿಮಾಡಿ, ಯಾವ ಡಿಸ್ಕಿನಿಂದ ಶುರುವಾಗಬೇಕೆಂದು ಹೇಳಿಕೊಟ್ಟ. ಮತ್ತೆ ಗುಂಡಿ ಒತ್ತಿದ. ಈ ಸಲ ಕಪ್ಪು ಪರದೆಯ ಮೇಲೆ ಚುಕ್ಕಿಗಳು ಗಿರಗಿರ ಸುತ್ತಿದವು. ಮಗಳು ಕುರ್ಚಿಯಿಂದ ಎದ್ದು ನಿಂತಳು. ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು.

ಚುಕ್ಕಿಗಳು ನಿಂತವು. ಎಂಟು ಖಾಲಿ ಚೌಕಗಳು ಮೂಡಿದವು.

‘ಡಿಸ್ಕ್ ಸಿಕ್ತು,’ ಎಂದ ಸ್ಕ್ರೂ. ‘ಒಳಗಿನ ಸೆಟ್ಟಿಂಗ್ ಬದಲಾಗಿದೆಯಲ್ಲ, ಯಾರೋ ಕಳ್ಳ ಕೈ ಹಾಕಿದ್ದಾನೆ ಅಂತ ಅದಕ್ಕೆ ಅನುಮಾನ. ಬೀಗದ ನಂಬರು ಕೇಳ್ತಿದೆ. ನಲವತ್ತೆಂಟು ಅಂಕಿ. ಹಾಕಿಬಿಟ್ರೆ ಮುಗೀತು, ಎಲ್ಲಾ ಇದ್ದಲ್ಲೇ ಇರುತ್ತೆ. ಎಲ್ಲಿಟ್ಟಿದ್ದೀಯ ಆ ಕಾರ್ಡು?’

‘ಯಾವ ಕಾರ್ಡು?’

‘ನಾನೇ ಪ್ರಿಂಟ್ ಹಾಕಿ ಕೊಟ್ಟಿದ್ನಲ್ಲ. ಕಳೆದುಹೋಗಬಾರ್ದು ಅಂತ ದಪ್ಪ ಹಾಳೇಲಿ ಹಾಕಿದ್ದೆ. ಬಾದಾಮಿ ಬಣ್ಣ. ಎಂಟು ಸಾಲು, ಸಾಲಿಗೆ ಆರು ಅಂಕಿ.’

‘ಅಮ್ಮನ ಬೀರೂಲಿ ಇಟ್ಟಿದ್ದೆ,’ ಎಂದಳು ಮಗಳು. ‘ಮನೇಲಿ ಅದಕ್ಕಿಂತ ಜೋಪಾನದ ಜಾಗ ಇಲ್ಲ ಅಂತ.’

ಇಬ್ಬರೂ ಟೈಲರಮ್ಮನ ಕಡೆ ತಿರುಗಿದರು. ಬಾದಾಮಿ ಬಣ್ಣದ ದಪ್ಪ ಹಾಳೆ ಅವಳಿಗೆ ಚೆನ್ನಾಗಿ ನೆನಪಿತ್ತು. ಬೀರುವಿನ ಮೇಲಿನ ಅರೆಯಲ್ಲಿ ಅದನ್ನು ಕಂಡ ದಿನ ಎಂಥಾ ಸಂತೋಷವಾಗಿತ್ತು! ಮಡಿಕೆ ಇಲ್ಲ, ಜಿಡ್ಡಿಲ್ಲ. ಯಾವುದೋ ಹಳೇ ಬಿಲ್ಲಿನ ಲೆಕ್ಕ ಇರಬೇಕು, ಮಗಳಿಗೆ ಬೇಡವಾಗಿ ನನಗೆಂದು ಇಟ್ಟಿದ್ದಾಳೆ ಎಂದುಕೊಂಡಿದ್ದಳು. ಕೇಳಬೇಕೆಂದು ಹೊಳೆಯಲೇ ಇಲ್ಲ. ಆ ಬೀರುವಿಗೆ ಬಂದ ಕಾಗದಕ್ಕೆ ಯಾವತ್ತಾದರೂ ಬೇರೆ ಗತಿ ಇತ್ತೇ?

‘ಕತ್ತರಿಸಿಬಿಟ್ಟೆ ಕಣೇ,’ ಎಂದಳು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಸ್ಕ್ರೂವಿನ ತುಟಿಯಿಂದ ಸ್ಕ್ರೂ ನೆಲಕ್ಕೆ ಬಿತ್ತು.

ಗೊಂಚಲುಗಳನ್ನೆಲ್ಲ ನೆಲಕ್ಕೆ ಸುರಿದರು. ಮೂವತ್ತು ವರ್ಷದ ತೋಳು, ಬೆನ್ನು, ಜೇಬು ಕೋಣೆ ತುಂಬ ಹರಡಿಕೊಂಡವು. ಮೂವರೂ ಮಂಡಿಯೂರಿ ಹುಡುಕಿದರು. ಸಿಕ್ಕಿದ್ದು ಟೈಲರಮ್ಮನ ಕೈಗೇ, ಬಾದಾಮಿ ಬಣ್ಣದ ಒಂದು ಕಾಲರು. ಒಂದು ಮಗ್ಗುಲಲ್ಲಿ ಅವಳದೇ ಅಕ್ಷರ: ‘ಮಗಳ ನೀಲಿ ಅಂಗಿ, ಕತ್ತು ಹದಿಮೂರೂವರೆ.’ ಇನ್ನೊಂದು ಮಗ್ಗುಲಲ್ಲಿ ಅಂಕಿಗಳ ಐದು ಸಾಲು. ಐದನೆಯ ಸಾಲಿನ ಬುಡವನ್ನು ಕತ್ತರಿ ಸವರಿಕೊಂಡು ಹೋಗಿತ್ತು, ಆದರೂ ಓದಬಹುದಿತ್ತು.

ಆ ನೀಲಿ ಅಂಗಿಯನ್ನೇ ಮಗಳು ಹಾಕಿಕೊಂಡಿದ್ದಳು. ಕಾಲರು ಕತ್ತಿಗೆ ಹೇಳಿ ಮಾಡಿಸಿದಂತೆ ಕುಳಿತಿತ್ತು. ಟೈಲರಮ್ಮ ಅದನ್ನು ನೋಡಲಾಗದೆ ಮುಖ ತಿರುಗಿಸಿದಳು.

‘ಮೂವತ್ತು ಅಂಕಿ ಆಯ್ತು,’ ಎಂದ ಸ್ಕ್ರೂ, ಒಂದೊಂದಾಗಿ ಒತ್ತುತ್ತಾ. ‘ಇನ್ನು ಮೂರು ಸಾಲು ಬೇಕು. ಹದಿನೆಂಟೇ ಅಂಕಿ, ಅಕ್ಕ.’

‘ಅಂದಾಜಿನ ಮೇಲೆ ಹಾಕಿ ನೋಡೋಕಾಗಲ್ವಾ?’ ಎಂದಳು ಟೈಲರಮ್ಮ.

‘ನನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ.’

‘ನಿಮ್ಮ ಹತ್ರ ಒಂದು ನಕಲು ಇಲ್ವಾ ಅಣ್ಣ?’ ಎಂದಳು ಮಗಳು.

‘ಗಿರಾಕಿಗಳ ಬೀಗದ ನಂಬರು ನಾನು ಇಟ್ಕೊಳ್ಳಲ್ಲಮ್ಮ. ಅದೊಂದು ನಿಯತ್ತು ಅಂತ ಇಟ್ಕೊಂಡು ಬಂದಿದ್ದೀನಿ.’ ತನ್ನ ನಿಯತ್ತಿನ ಮೇಲೇ ಅವನಿಗೆ ಸಿಟ್ಟು ಬಂದಂತಿತ್ತು.

ಉಳಿದ ತುಂಡು ಏನಾಯಿತು? ಟೈಲರಮ್ಮ ಕಣ್ಣು ಮುಚ್ಚಿಕೊಂಡಳು. ಅಕ್ಕಪಕ್ಕದವರ ಫೋನ್ ನಂಬರು ಮರೆಯುತ್ತಾಳೆ, ಒಲೆಯ ಮೇಲಿನ ಹಾಲು ಮರೆಯುತ್ತಾಳೆ, ಕತ್ತರಿಸಿದ ತುಂಡನ್ನು ಮಾತ್ರ ಮರೆತವಳಲ್ಲ. ಕಾಲರು ತೆಗೆದ ಮೇಲೆ ಕೆಳಗೆ ಅರ್ಧಚಂದ್ರ ಬರುವಷ್ಟು ಹಾಳೆ ಉಳಿದಿತ್ತು. ಬಿಸಾಡಲು ಮನಸ್ಸು ಬಂದಿರಲಿಲ್ಲ. ಅದೇ ವಾರ ಆಸ್ಪತ್ರೆಯೆದುರು ಗಾಡಿ ನಿಲ್ಲಿಸುವ ಜಾಗ ಕಾಯುವವನು ಬಿಸಿಲಲ್ಲಿ ಬರಿತಲೆಯಲ್ಲಿ ನಿಂತಿದ್ದನ್ನು ಕಂಡು, ಉಳಿದ ಖಾಕಿ ಬಟ್ಟೆಯಲ್ಲಿ ಅವನಿಗೊಂದು ಟೋಪಿ ಹೊಲಿದುಕೊಟ್ಟಿದ್ದಳು. ಹಣೆಯ ಮುಂದೆ ಚಾಚುವ ಮೂತಿ ಗಟ್ಟಿಯಾಗಿರಲಿ ಎಂದು ಆ ಅರ್ಧಚಂದ್ರಕ್ಕೆ ಎರಡೂ ಕಡೆ ಗಂಜಿ ಬಳಿದು, ಒಳಗಿಟ್ಟು, ಒತ್ತೊತ್ತಾಗಿ ಒಂಬತ್ತು ಸಾಲು ಹೊಲಿಗೆ ಹಾಕಿದ್ದಳು.

‘ಟೋಪಿಯೊಳಗಿದೆ!’ ಎಂದವಳೇ ಚಪ್ಪಲಿ ಮೆಟ್ಟಿದಳು. ಪರ್ಸಿನಲ್ಲಿ ಅರ್ಧ ಬ್ಲೇಡು, ಸೂಜಿ, ದಾರ ಯಾವತ್ತೂ ಇರುತ್ತಿದ್ದವು.

‘ನಾನೂ ಬರ್ತೀನಿ,’ ಎಂದಳು ಮಗಳು.

‘ಬೇಡ. ನೀನು ಅದನ್ನ ನೋಡ್ಕೊ, ಆರಿಹೋಗದ ಹಾಗೆ.’

ಕಂಪ್ಯೂಟರೇನು ದೀಪವೇ, ಗಾಳಿಗೆ ಆರಿಹೋಗಲು? ಆದರೂ ಮಗಳು ಅದರ ಮುಂದೆ ಹೋಗಿ ಕುಳಿತಳು. ಪರದೆಯ ಮೇಲೆ ಐದು ಚೌಕ ತುಂಬಿತ್ತು, ಆರನೆಯದರಲ್ಲಿ ಗೆರೆಯೊಂದು ಮಿಣುಕುತ್ತಿತ್ತು.

ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಟೈಲರಮ್ಮ ಆರು ನಿಮಿಷದಲ್ಲಿ ಬಂದಳು. ಹಣ್ಣಿನ ಅಂಗಡಿಯವಳು ಕರೆದದ್ದು ಕೇಳಿಸಲಿಲ್ಲ. ದಾರಿಯುದ್ದಕ್ಕೂ ಹದಿನೆಂಟು, ಹದಿನೆಂಟು ಎಂದು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದಳು. ಅವನು ಇವತ್ತು ರಜೆ ಹಾಕಿದ್ದರೆ? ಟೋಪಿ ಕಳೆದುಕೊಂಡಿದ್ದರೆ? ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಇದೇ ರಸ್ತೆಯಲ್ಲಿ ಹೊತ್ತುಕೊಂಡು ಓಡಿದ್ದಳು. ಆವತ್ತು ಕೂಡ ಇಷ್ಟು ಹೆದರಿರಲಿಲ್ಲ. ಆವತ್ತಿನ ಜ್ವರ ತಾನು ತಂದದ್ದಾಗಿರಲಿಲ್ಲ.

ಅವನು ಅಲ್ಲೇ ಇದ್ದ. ಸೀಟಿ ಊದುತ್ತಾ ಬಿಳಿ ಕಾರೊಂದನ್ನು ಹಿಂದೆ ಬಿಡಿಸುತ್ತಿದ್ದ. ತಲೆಯ ಮೇಲೆ ಖಾಕಿ ಟೋಪಿ ಇತ್ತು, ಮೂತಿ ನೆಟ್ಟಗಿತ್ತು. ಟೈಲರಮ್ಮನಿಗೆ ಅಳು ಉಕ್ಕಿಬಂತು.

‘ಅಮ್ಮಾ, ನೀವಾ!’ ಎಂದು ಅವನು ಹಲ್ಲು ಬಿಟ್ಟ. ‘ನಿಮ್ಮನ್ನ ದಿನಾ ನೆನೆಸ್ಕೋತೀನಿ. ಜನಕ್ಕೆ ಟೋಪಿ ಹಾಕೋರನ್ನ ಬೇಕಾದಷ್ಟು ನೋಡಿದ್ದೀನಿ, ಹೊಲಿದು ಕೊಟ್ಟೋರು ನೀವೊಬ್ರೇ.’

‘ಒಂದು ಗಳಿಗೆ ಕೊಡಪ್ಪ ಅದನ್ನ. ಬಿಚ್ಚಿ ಮತ್ತೆ ಹೊಲಿದು ಕೊಡ್ತೀನಿ. ಒಳಗೊಂದು ಕಾಗದ ಇದೆ, ನನ್ನ ಮಗಳ ಜೀವನ ಅದರಲ್ಲಿದೆ.’

ಅವನು ಯಾಕೆ ಏನು ಎನ್ನದೆ ಟೋಪಿ ತೆಗೆದು ಕೈಗಿಟ್ಟ. ‘ಏನು ಕೈಯಮ್ಮಾ ನಿಮ್ಮದು! ನನ್ನ ಹೆಂಡ್ತಿ ವಾರಕ್ಕೊಂದ್ಸಲ ನೆನೆಹಾಕಿ, ಉಜ್ಜಿ ಒಗೀತಾಳೆ. ನೋಡಿ, ಮೂತಿ ಒಂಚೂರೂ ಬಗ್ಗಿಲ್ಲ.’

ಇಂಥ ಹೊಗಳಿಕೆಗಾಗಿ ಟೈಲರಮ್ಮ ಬೇರೆ ದಿನ ಒಂದು ಹೊತ್ತಿನ ಊಟ ಬಿಡುತ್ತಿದ್ದಳು. ಇವತ್ತು ಆ ಮಾತು ಎದೆಗೆ ಒದ್ದಂತಾಯಿತು. ಬೇಡ, ಬಿಚ್ಚಬೇಡ, ಬಿಚ್ಚುವ ತನಕವಾದರೂ ಅಂಕಿಗಳು ಒಳಗಿರುತ್ತವೆ ಎಂದು ಮನಸ್ಸು ಹೇಳಿತು. ಆಸ್ಪತ್ರೆಯ ಗೋಡೆಗೆ ಒರಗಿದ ಕಲ್ಲುಬೆಂಚಿನ ಮೇಲೆ ಕುಳಿತು ಬ್ಲೇಡು ತೆಗೆದಳು. ಒಂಬತ್ತು ಸಾಲು ಹೊಲಿಗೆ, ಒಂದಕ್ಕಿಂತ ಒಂದು ಬಿಗಿ. ಹಾಳು ಕೈ, ಇಷ್ಟು ಬಿಗಿಯಾಗಿ ಯಾಕೆ ಹೊಲಿಯಿತೋ ಎಂದು ತನ್ನನ್ನೇ ಬೈದುಕೊಂಡಳು.

ಅರ್ಧಚಂದ್ರ ಹೊರಗೆ ಬಂತು. ಗಂಜಿ ಕುಡಿದು ಮರದ ಸಿಪ್ಪೆಯಂತಾಗಿತ್ತು. ಕಾಗದ ಗಟ್ಟಿಯಾಗೇ ಇತ್ತು. ಅಂಕಿಗಳಿರಲಿಲ್ಲ. ಇದ್ದ ಕಡೆಯಲ್ಲಿ ತೆಳು ನೀಲಿ ಕಲೆಯೊಂದು ಹರಡಿತ್ತು. ಅಂಚಿನಲ್ಲಿ, ಹೊಲಿಗೆಯ ಮಡಿಕೆಯೊಳಗೆ ನೀರು ಮುಟ್ಟದ ಕಡೆ, ನಾಲ್ಕು ಎಂಬ ಒಂದೇ ಅಂಕಿ ಉಳಿದಿತ್ತು. ಬಿಸಿಲಿಗೆ ಹಿಡಿದಳು, ನೆರಳಿಗೆ ಹಿಡಿದಳು, ಸೆರಗಿನಿಂದ ಮೆಲ್ಲಗೆ ಒರೆಸಿದಳು. ನಾಲ್ಕು ನಾಲ್ಕಾಗಿಯೇ ಇತ್ತು, ಜೊತೆಗೆ ಇನ್ನೊಂದು ಬರಲಿಲ್ಲ.

‘ಸಿಕ್ತಾ ಅಮ್ಮಾ?’ ಎಂದ ಅವನು.

ಅವಳು ತಲೆಯಾಡಿಸಿದಳು, ಹೌದೋ ಅಲ್ಲವೋ ತಿಳಿಯದ ಹಾಗೆ. ಬಿಸಿಲು ಏರುತ್ತಿತ್ತು, ಅವನು ಬರಿತಲೆಯಲ್ಲಿ ನಿಂತಿದ್ದ. ಮೂತಿಗೆ ಇಡಲು ಬೇರೆ ದಪ್ಪ ಕಾಗದವಿರಲಿಲ್ಲ. ಔಷಧದಂಗಡಿಯ ಮುಂದೆ ಬಿದ್ದಿದ್ದ ರಟ್ಟಿನ ಡಬ್ಬವೊಂದನ್ನು ಬ್ಲೇಡಿನಲ್ಲಿ ಕೊಯ್ದು, ಒಳಗಿಟ್ಟು, ಕೈಯಲ್ಲೇ ಹೊಲಿದುಕೊಟ್ಟಳು. ಬಿಚ್ಚಿದ್ದನ್ನು ಹೊಲಿಯುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಅದೊಂದೇ ಎಂದು ಅನ್ನಿಸಿ ಕಣ್ಣು ಮಂಜಾಯಿತು, ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಮನೆಗೆ ಬಂದಾಗ ಇಬ್ಬರೂ ಅವಳ ಕೈ ನೋಡಿದರು. ಅವಳು ಅರ್ಧಚಂದ್ರವನ್ನು ಮೇಜಿನ ಮೇಲಿಟ್ಟಳು. ಸ್ಕ್ರೂ ಅದನ್ನು ದೀಪಕ್ಕೆ ಹಿಡಿದ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದ, ಕಪ್ಪುಬಿಳುಪು ಮಾಡಿ ನೋಡಿದ. ಅರ್ಧ ಗಂಟೆಯ ಮೇಲೆ ಮೆಲ್ಲಗೆ ಕೆಳಗಿಟ್ಟ.

‘ಲೇಸರ್ ಪ್ರಿಂಟ್ ಹಾಕಿದ್ರೆ ಉಳೀತಿತ್ತು,’ ಎಂದ. ‘ನೀರಿಗೆ ಕರಗೋ ಇಂಕು ಇದು. ನನ್ನದೂ ತಪ್ಪು, ಅಕ್ಕ.’

ತಪ್ಪನ್ನು ಹಂಚಿಕೊಳ್ಳಲು ಅವನು ಬಂದದ್ದು ಒಳ್ಳೆಯತನವೇ. ಆದರೆ ಹಂಚಿದರೆ ಕಡಿಮೆಯಾಗುವ ಜಾತಿಯದಾಗಿರಲಿಲ್ಲ ಅದು. ಡಿಸ್ಕನ್ನು ಅಳಿಸಿ ಹೊಸದಾಗಿ ಶುರುಮಾಡಬಹುದು, ಕಂಪ್ಯೂಟರೇನೋ ಏಳುತ್ತದೆ ಎಂದ. ಸಾಮಾನು ಕಟ್ಟಿಕೊಂಡು ಹೋದ.

ಮಗಳು ಬೈಯುತ್ತಾಳೆಂದು ಟೈಲರಮ್ಮ ಕಾದಳು. ರಬ್ಬರು ಕಾಣದಿದ್ದರೆ ಮನೆ ಎತ್ತಿ ಆಚೆ ಇಡುವ ಹುಡುಗಿ. ಬೈದರೆ ಸಾಕಿತ್ತು, ಏನಾದರೂ ಎತ್ತಿ ಎಸೆದರೂ ಸಾಕಿತ್ತು. ಮಗಳು ನೆಲದ ಮೇಲೆ ಹರಡಿದ್ದ ತೋಳು ಬೆನ್ನುಗಳ ನಡುವೆ ಕಾಲು ಚಾಚಿ ಕುಳಿತಿದ್ದಳು.

ಪಕ್ಕದಲ್ಲಿದ್ದ ಒಂದು ತೋಳನ್ನು ಆಚೆ ಸರಿಸಿ ಅವಳೇ ಹೇಳಿದಳು. ‘ಒಂದು ದಪ್ಪ ಹಾಳೆ ಕೊಡಮ್ಮ. ಆದಷ್ಟು ಬರೀತೀನಿ. ಆ ಒಂಬತ್ತರ ಜೊತೆ ಹತ್ತು ಚಿತ್ರ ತೋರಿಸಿದ್ರೆ ಇನ್ನೊಂದು ತಿಂಗಳು ಕೊಡ್ತಾರೇನೋ.’

ಟೈಲರಮ್ಮ ಬೀರು ತೆಗೆದಳು, ಮಂಚದ ಕೆಳಗೆ ಬಗ್ಗಿದಳು, ಮಿಷನ್ನಿನ ಡ್ರಾಯರು ಎಳೆದಳು. ಮನೆಯಲ್ಲಿ ಕತ್ತರಿ ಮುಟ್ಟದ ಒಂದು ಹಾಳೆಯೂ ಇರಲಿಲ್ಲ. ಕೊನೆಗೆ ನೆಲದ ಮೇಲಿದ್ದುದರಲ್ಲೇ ಅತಿ ದೊಡ್ಡದನ್ನು ಆರಿಸಿ ಕೊಟ್ಟಳು, ಯಾವನೋ ದಢೂತಿ ಗಿರಾಕಿಯ ಬೆನ್ನು. ಮಗಳು ಅದನ್ನು ಮಗುಚಿ, ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲು ಹಿಡಿದಳು. ಕತ್ತೆಯ ಬೆನ್ನು ಬಂತು, ಹೊಟ್ಟೆ ಬಂತು. ಪೆನ್ಸಿಲು ನಿಂತಿತು. ಅಳಿಸಿದಳು, ಮತ್ತೆ ಎಳೆದಳು, ಮತ್ತೆ ಅಳಿಸಿದಳು.

ಹೊಲಿಗೆ ಕಲಿಯಲು ಬಂದ ಹುಡುಗಿಯರೆಲ್ಲರಿಗೂ ಟೈಲರಮ್ಮ ಒಂದೇ ಮಾತು ಹೇಳುತ್ತಿದ್ದಳು: ಕೆಟ್ಟರೆ ಬಿಚ್ಚು, ಮತ್ತೆ ಹೊಲಿ. ಆ ಮಾತು ಈಗಲೂ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

‘ಕಿವಿ ಬರ್ತಿಲ್ಲಮ್ಮ,’ ಎಂದಳು ಮಗಳು, ತಲೆ ಎತ್ತದೆ. ‘ಅದರ ಕಿವಿ ಹೇಗಿತ್ತು ಅಂತಾನೇ ನೆನಪಾಗ್ತಿಲ್ಲ.’

ಟೈಲರಮ್ಮ ಅವಳ ಪಕ್ಕದಲ್ಲಿ ಕುಳಿತಳು. ಅವಳಿಗೂ ನೆನಪಿರಲಿಲ್ಲ.